ಎದುರು ದಡ ಕಾಣದ ಹರಿಗೋಲು

ನಾನು ಒಂದು ಹರಿಗೋಲು. ಕಾವೇರಿಯ ದಡದ ಹೊಂಗೆಮರದ ನೆರಳಿನಲ್ಲಿ ಮೇದರ ಮುದುಕಿಯೊಬ್ಬಳು ಬಿದಿರು ಸೀಳಿ ನನ್ನನ್ನು ಹೆಣೆದಳು. ತಳಕ್ಕೆ ಗೋಣಿ ಹೊದಿಸಿ ಬಿಸಿ ಟಾರು ಬಳಿದ ದಿನ ನನಗೆ ಜೀವ ಬಂತು. ನನಗೆ ಮುಂಭಾಗವಿಲ್ಲ, ಹಿಂಭಾಗವಿಲ್ಲ. ಬಾಯಿ ಆಕಾಶದ ಕಡೆಗೆ. ಹೋಗಿ ಸೇರಬೇಕಾದ ದಡವನ್ನು ಹೋಗುವಾಗ ನಾನೆಂದೂ ಕಂಡದ್ದಿಲ್ಲ.

ಮೊದಲು ಮೀನುಗಾರನೊಬ್ಬನ ಬಳಿಯಿದ್ದೆ. ಬಲೆಗೆ ಏನೂ ಬೀಳದ ದಿನ ಅವನು ನನ್ನನ್ನು ಒದೆಯುತ್ತಿದ್ದ. ಅವನಿಂದ ನನ್ನನ್ನು ಕೊಂಡವನು ಜನರನ್ನು ಹೊಳೆ ದಾಟಿಸುವ ಚೌರಪ್ಪ. ಅವನ ಮನಸ್ಸನ್ನು ನಾನು ಅಂಗಾಲಿನಿಂದಲೇ ತಿಳಿಯುತ್ತಿದ್ದೆ. ನೆಮ್ಮದಿಯಿದ್ದರೆ ಪಾದ ಅಗಲವಾಗಿ ಊರುತ್ತಿತ್ತು. ಚಿಂತೆಯಿದ್ದರೆ ಬೆರಳುಗಳು ಮಡಚಿಕೊಳ್ಳುತ್ತಿದ್ದವು.

ನಮ್ಮ ಕೆಲಸಕ್ಕೊಂದು ಕ್ರಮವಿತ್ತು. ಎದುರು ದಡದಲ್ಲಿ ದೋಣಿ ನಿಲ್ಲುವ ಕಡವಿಗೆ ನೇರವಾಗಿ ಹೊರಡುವಂತಿಲ್ಲ. ಸೆಳವು ಕೆಳಗಿನ ಬಂಡೆಗಳಿಗೆ ಎಳೆದೊಯ್ಯುತ್ತದೆ. ಮೊದಲು ನನ್ನನ್ನು ದಡದಗುಂಟ ಮೇಲಕ್ಕೆ, ಚರ್ಚಿನ ತಿರುವಿನವರೆಗೆ ಜಗ್ಗಿ, ಅಲ್ಲಿಂದ ಬಿಡಬೇಕು. ದಾರಿ ತಪ್ಪಿತೆಂದು ಹೊಸಬರು ಗೊಣಗಿದರೆ ಚೌರಪ್ಪ ನಗುತ್ತಿದ್ದ.

ಒಂದು ಮಳೆಗಾಲದ ಮಧ್ಯಾಹ್ನ ಅವನೇ ಆ ಕ್ರಮವನ್ನು ಮರೆತ. ಮಗಳು ಲೂರ್ದಮ್ಮನಿಗೆ ದಿನ ತುಂಬುವ ಮೊದಲೇ ನೋವು ಬಂದಿತ್ತು. ಆಸ್ಪತ್ರೆ ಇದ್ದದ್ದು ಎದುರು ದಡದಲ್ಲಿ, ಹೊಳೆ ಕೆಂಪಗೆ ಉಬ್ಬಿತ್ತು. ಅವಳನ್ನು ನನ್ನೊಳಗೆ ಕೂರಿಸಿದವನೇ ಅಲ್ಲಿಂದಲೇ ನೀರಿಗೆ ನೂಕತೊಡಗಿದ. ಹೆಂಡತಿ ಇನ್ನಾಸಮ್ಮ ನನ್ನ ಅಂಚನ್ನು ಹಿಡಿದು ನಿಲ್ಲಿಸಿದಳು.

"ಮಂಕು ಬಡ್ದೋರಂಗೆ ಇಲ್ಲೇ ಬುಡ್ತೀರಲ್ಲ! ಮ್ಯಾಕೆ ನಡೀರಿ!"

"ಆಸ್ಪತ್ರೆ ಎದುರ್ಗೇ ಕಾಣ್ತಾ ಅದೆ ಕನಮ್ಮಿ! ಅದ್ಕೆ ಬೆನ್ ತಿರುಗ್ಸಿ ಹೋಗು ಅಂತೀಯಾ?"

"ನಮಗ್ ಕಾಣೋದು ಅಷ್ಟೇ. ದೇವ್ರಿಗೆ ಎರಡ್ ದಡನೂ ಕಾಣ್ತದೆ, ನಡುವ್ಲ ನೀರೂ ಕಾಣ್ತದೆ. ನಡೀರಿ."

"ಆಮೇಲ್ ಕಿತ್ತಾಡ್ರಪ್ಪೋ!" ಎಂದು ಲೂರ್ದಮ್ಮ ಕಿರುಚಿದಳು.

ಚೌರಪ್ಪ ಹಗ್ಗವನ್ನು ಹೆಗಲಿಗೇರಿಸಿದ. ಒಂದೊಂದು ಹೆಜ್ಜೆಗೂ ಅವನ ಕಣ್ಣಿಗೆ ಆಸ್ಪತ್ರೆಯ ಬಿಳಿ ಗೋಡೆ ಹಿಂದೆ ಸರಿದು, ಕೊನೆಗೆ ಮರಗಳ ಮರೆಯಾಯಿತು. ಅವನು ಅಳುತ್ತಲೇ ಜಗ್ಗಿದ. ಇನ್ನಾಸಮ್ಮ ಜಪಸರ ಹಿಡಿದ ಕೈಯಿಂದಲೇ ನನ್ನನ್ನು ಹಿಂದಿನಿಂದ ನೂಕಿದಳು. ತಿರುವಿನಲ್ಲಿ ಅವರಿಬ್ಬರೂ ನನ್ನೊಳಗೆ ಹತ್ತಿದರು. ಸೆಳವು ನನ್ನನ್ನು ಗಿರಗಿರನೆ ತಿರುಗಿಸಿತು. ಚೌರಪ್ಪ ಹುಟ್ಟು ಹಾಕಿದ. ನನ್ನ ತಳಕ್ಕೆ ಕಲ್ಲು ತಗುಲಿದಾಗ ಅದು ಆಸ್ಪತ್ರೆಯ ಕಡವಿನ ಮೆಟ್ಟಿಲೇ ಆಗಿತ್ತು.

ಸಂಜೆ ಅವನು ಬಂದು ನನ್ನ ಅಂಚನ್ನು ತಟ್ಟಿದ. "ಹೆಣ್ ಮಗ ಕನಪ್ಪ. ಇಬ್ರೂ ಚೆಂದಾಗವ್ರೆ."

ಮುಂದೆ ಸೇತುವೆ ಬಂತು. ಚೌರಪ್ಪನಿಗೆ ಚರ್ಚಿನಲ್ಲಿ ಗಂಟೆ ಹೊಡೆಯುವ ಕೆಲಸ ಸಿಕ್ಕಿತು. ಬಿದಿರು ಸಡಿಲಗೊಂಡ ನನ್ನನ್ನು ಅವನು ಸುಡಲಿಲ್ಲ. ಕ್ರಿಸ್ಮಸ್ ಬಂದಾಗಲೆಲ್ಲ ಕಂಬಗಳ ಮೇಲೆ ಬೋರಲು ಹಾಕಿ, ಯೇಸು ಹುಟ್ಟಿದ ಕೊಟ್ಟಿಗೆಯನ್ನು ಬೊಂಬೆಗಳಲ್ಲಿ ತೋರಿಸುವ ಗೋದಲಿಗೆ ಚಾವಣಿ ಮಾಡುತ್ತಾನೆ. ಈಗಲೂ ಅಲ್ಲೇ ಇದ್ದೇನೆ. ನನ್ನ ಕೆಳಗೆ ಹುಲ್ಲಿನ ಮೇಲೆ ಬಾಲಯೇಸು ಮಲಗಿದ್ದಾನೆ. ಚೌರಪ್ಪ ಮಂಡಿಯೂರಿ ಮಣ್ಣಿನ ಕುರಿಯೊಂದನ್ನು ಹುಡುಕುತ್ತಿದ್ದಾನೆ.

"ಇದ್ದ ಕುರಿನೂ ಕಳ್ದ್ರಾ? ಒಳ್ಳೆ ಕುರುಬ!" ಎಂದು ಇನ್ನಾಸಮ್ಮ ನಗುತ್ತಾಳೆ.

ಅವನು ಬೊಂಬೆಗಳ ಪೆಟ್ಟಿಗೆಯನ್ನು ಮತ್ತೆ ತಡಕುತ್ತಾನೆ, ನಿಟ್ಟುಸಿರಿಡುತ್ತಾನೆ. ಹೇಳೋಣವೆಂದರೆ ನನಗೆ ಮಾತಿಲ್ಲ. ಆದರೂ ನನಗೆ ಕಳವಳವಿಲ್ಲ. ಇಷ್ಟು ಮೇಲಿನಿಂದ ಎಲ್ಲವೂ ಕಾಣುತ್ತದೆ: ಕುರಿ ಅವನ ಮೊಣಕಾಲಿನ ಪಕ್ಕದಲ್ಲೇ, ಹುಲ್ಲಿನ ನಡುವೆ, ಬೆಚ್ಚಗಿದೆ.