ಒಂದೇ ಗಂಟಲಿನ ಹಾಡು

"ಇನ್ನೊಂದು ಸೌಟು ಹಾಕಮ್ಮ, ಮಾಂಸ ಎಲ್ಲಾ ತಳದಲ್ಲೇ ಇರುತ್ತೆ," ಎಂದು ಪಿಲ್ಸುನ್ ಬಟ್ಟಲನ್ನು ಮತ್ತೆ ಚಾಚಿದಳು.

ಒಳಗೆ ಶವಪೆಟ್ಟಿಗೆಯಲ್ಲಿ ಜೋಮ್ರೆ ಮಲಗಿದ್ದಳು. ಅಂಗಳದಲ್ಲಿ ಪಿಲ್ಸುನ್ ಅವಳ ಸಾವಿನೂಟದ ಖಾರದ ಸಾರನ್ನು ಚಪ್ಪರಿಸಿ ಉಣ್ಣುತ್ತಿದ್ದಳು. ಇಪ್ಪತ್ತು ವರ್ಷ ಕಾದ ಊಟ, ಬಿಡುತ್ತಾಳೆಯೇ?

"ಅಕ್ಕಾ, ತಿಂದಿದ್ದು ಸಾಕು. ಒಳಗೆ ಬಂದು ಹಾಡು ಎತ್ತು," ಎಂದಳು ಪಕ್ಕದ ಮನೆಯ ಒಕ್ಚಾ. "ಹೆಣ ಎತ್ತೋ ಹೊತ್ತಾಯ್ತು. ನೀನಿಲ್ದೆ ರಾಗ ದಿಕ್ಕಾಪಾಲಾಗ್ತಿದೆ."

ಕೊರಿಯಾ ಕರಾವಳಿಯ ಆ ಹಳ್ಳಿಯಲ್ಲಿ ಕ್ರೈಸ್ತರ ಹೆಣ ಹಾಡಿಲ್ಲದೆ ಮನೆ ಬಿಡುವುದಿಲ್ಲ. ಹೆಂಗಸರು ಎರಡು ಸಾಲಾಗಿ ಎದುರುಬದುರು ಕೂರುತ್ತಾರೆ. ಒಂದು ಸಾಲು ಸತ್ತವರಿಗಾಗಿ ಬೇಡಿಕೊಂಡರೆ ಇನ್ನೊಂದು ಉತ್ತರ ಕೊಡಬೇಕು. ಮೊದಲ ಸಾಲಿಗೆ ಪಿಲ್ಸುನ್ ಮುಂದಾಳು, ಎದುರು ಸಾಲಿಗೆ ಜೋಮ್ರೆ. ಕಡಲ ಸಿಂಪಿಯ ಚಿಪ್ಪು ಬಿಡಿಸುವಾಗಲೂ ಇಬ್ಬರೂ ಪಕ್ಕಪಕ್ಕವೇ. ಅದೆಲ್ಲ ಹಳೆಯ ಮಾತು.

"ನನ್ ಬಾಯಿ ಇವತ್ತು ಉಣ್ಣೋಕಷ್ಟೇ."

"ಶತ್ರುವನ್ನೂ ಪ್ರೀತಿಸಿ ಅಂತ ಯೇಸುಸ್ವಾಮಿ ಹೇಳಿಲ್ವಾ?"

"ಹೇಳ್ತಾನೆ, ಅವನಿಗೇನು. ಅವನ ಪಕ್ಕದ ಮನೇಲಿ ಜೋಮ್ರೆ ಇರ್ಲಿಲ್ಲ."

*

ಇಪ್ಪತ್ತು ವರ್ಷದ ಹಿಂದಿನ ಮಾತು. ಪಿಲ್ಸುನಳ ಮಗಳು ಯೊನ್ಹಿಗೆ ಆಗ ಹತ್ತೊಂಬತ್ತು. ನಿಶ್ಚಯವಾದ ಮದುವೆ ಮುರಿದುಬಿತ್ತು. ಹುಡುಗಿ ಸಮುದ್ರದ ಪಾಲಾದಳು; ದಡ ಸೇರಿದ ಹೆಣವನ್ನು ಮನೆಗೆ ತಂದರು. ಹಾಡುವ ಹೆಂಗಸರು ಬಾಗಿಲ ತನಕ ಬಂದರು. ಹೊಸ್ತಿಲಿಗೆ ಅಡ್ಡ ನಿಂತವಳು ಜೋಮ್ರೆ.

"ತಾನಾಗೇ ಜೀವ ಕಳ್ಕೊಂಡವಳಿಗೆ ಹಾಡಿಲ್ಲ. ಕಟ್ಟಳೆ ಅಂದ್ರೆ ಕಟ್ಟಳೆ."

"ನಿನ್ ಮಡಿಲಲ್ಲೇ ಬೆಳೆದ ಕೂಸು ಕಣೇ!"

ಜೋಮ್ರೆ ತಿರುಗಿ ನೋಡಲಿಲ್ಲ. ಎಲ್ಲರನ್ನೂ ಕರೆದುಕೊಂಡು ಹೊರಟೇಹೋದಳು.

ಪಿಲ್ಸುನ್ ಒಬ್ಬಳೇ ಹಾಡಿದಳು. ಒಂದು ಸಾಲು ಹಾಡಿ, ಎದ್ದು, ಮಗಳನ್ನು ಬಳಸಿ ಹೋಗಿ, ಎದುರಿಗೆ ಕೂತು ಉತ್ತರವನ್ನೂ ತಾನೇ ಹಾಡಿದಳು. ಮತ್ತೆ ಎದ್ದಳು. ಎಲ್ಲ ಮುಗಿದ ಮೇಲೆ ಜೋಮ್ರೆಯ ಮನೆಗೆ ಕೇಳುವಂತೆ ಕೂಗಿದಳು: "ನಿನ್ ಹೆಣದ ಮುಂದೆ ನಾನು ತುಟಿ ಬಿಚ್ಚಿದ್ರೆ ಕೇಳೇ!"

*

ಬಟ್ಟಲು ಬರಿದಾಗುವ ಹೊತ್ತಿಗೆ ಜೋಮ್ರೆಯ ಸೊಸೆ ಬಂದು ಪಕ್ಕದಲ್ಲಿ ಕುಕ್ಕರಿಸಿದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು.

"ಬಲವಂತ ಇಲ್ಲ ಚಿಕ್ಕಮ್ಮ. ಹಾಡೇ ಬೇಡ ಅಂದಿದ್ರು ಅತ್ತೆ. 'ಯೊನ್ಹಿಗೆ ನಾನು ಕೊಡದಿದ್ದ ಹಾಡು ನನಗೂ ಬೇಡ, ಸುಮ್ನೆ ಹೂತುಬಿಡಿ' ಅಂತ. ನಮಗೇ ಮನಸ್ಸು ತಡೀಲಿಲ್ಲ. ಈಗ ನಿಲ್ಲಿಸಿಬಿಡ್ತೀವಿ."

ಪಿಲ್ಸುನಳ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಶಿಕ್ಷೆಯನ್ನು ಆ ಹೆಂಗಸು ತಾನೇ ತೆಗೆದುಕೊಂಡು ಮಲಗಿಬಿಟ್ಟಿದ್ದಳು. ಈಗ ಸುಮ್ಮನಿದ್ದರೆ ಅವಳ ಮಾತನ್ನೇ ನಡೆಸಿಕೊಟ್ಟಂತಾಯಿತಲ್ಲ!

"ಸತ್ತ ಮೇಲೂ ಇವಳದ್ದೇ ಯಜಮಾನಿಕೆ! ಯಾರಿಗೆ ಹಾಡಬೇಕು, ಯಾರಿಗೆ ಹಾಡಬಾರದು ಅನ್ನೋಕೆ ಇವಳ್ಯಾರು?"

ಬಟ್ಟಲು ಕುಕ್ಕಿ ಒಳಗೆ ನುಗ್ಗಿದಳು.

"ಎಲ್ರೂ ಬಾಯಿ ಮುಚ್ಚಿ. ನನ್ ಮಗಳಿಗೆ ಸಿಕ್ಕಿದ್ದು ಒಂದೇ ಗಂಟಲು. ಇವಳಿಗೂ ಒಂದೇ. ಒಂದು ಗುಲಗಂಜಿ ಹೆಚ್ಚಿಗೆ ಸಿಗಬಾರ್ದು."

ಕೂತು ಮೊದಲ ಸಾಲು ಎತ್ತಿದಳು. ಸತ್ತವಳ ಹೆಸರು ಬರುವಲ್ಲಿ ಹಲ್ಲು ಕಚ್ಚಿ "ಜೋಮ್ರೆ" ಎಂದಳು. ಎದ್ದು, ಪೆಟ್ಟಿಗೆಯನ್ನು ದೂರದಿಂದಲೇ ಬಳಸಿ, ಜೋಮ್ರೆ ಕೂರುತ್ತಿದ್ದ ಜಾಗದಲ್ಲಿ ಕೂತು ಉತ್ತರ ಹಾಡಿದಳು. ಮತ್ತೆ ಈಚೆ ಬಂದಳು. ಮತ್ತೆ ಆಚೆ ಹೋದಳು.

ಎಂಟು ಹತ್ತು ಸಲ ಆಗುವಷ್ಟರಲ್ಲಿ ಮಂಡಿ ಕೈಕೊಟ್ಟಿತು. ಒಕ್ಚಾ ಹಿಡಿಯಲು ಧಾವಿಸಿದಳು.

"ಮುಟ್ಬೇಡ!"

ಪಿಲ್ಸುನ್ ಶವಪೆಟ್ಟಿಗೆಯ ಮುಚ್ಚಳಕ್ಕೆ ಕೈಯೂರಿದಳು. ಊರಿಕೊಂಡೇ ಆಚೆಗೆ ದಾಟಿದಳು. ಬರುವಾಗಲೂ ಅಲ್ಲೇ ಊರಿದಳು, ಹೋಗುವಾಗಲೂ ಅಲ್ಲೇ. ಹೊರುವವರು ಬಾಗಿಲಲ್ಲಿ ಕಾದು ನಿಂತರು.