ಮುಚ್ಚಳದ ಅಂಟು

ಗಂಡ ತೀರಿಕೊಂಡ ಮೇಲೆ ವರ್ಕ್‌ಶಾಪನ್ನು ಅತ್ತಿಗೆ, ಮೈದುನ ಇಬ್ಬರೇ ನಡೆಸುತ್ತಿದ್ದರು. ಕೂದಲೆಳೆಯಂಥ ಗಾಜಿನ ನಾರು, ಒಳಗೆಲ್ಲ ಟೊಳ್ಳು. ಅದರ ಮೂಲಕ ನೇರಳಾತೀತ ಲೇಸರ್ ಬೆಳಕನ್ನು ಯಂತ್ರಗಳಿಗೆ ಮುಟ್ಟಿಸುವ ಪೆಟ್ಟಿಗೆ ಮಾಡುವುದು ಅವರ ಕಸುಬು. ಗಟ್ಟಿ ಗಾಜನ್ನಾದರೆ ಆ ಬೆಳಕು ಕೆಡಿಸಿಬಿಡುತ್ತದೆ; ಟೊಳ್ಳಿನ ಗಾಳಿಯಲ್ಲಿ ಸುಖವಾಗಿ ಸಾಗುತ್ತದೆ.

ಗಿರಾಕಿ ಬರುವ ವಾರವೇ ಬೆಳಕು ಕುಗ್ಗಿತು. "ತುದೀಲಿ ಧೂಳು ಕೂತಿದೆ ಅತ್ತಿಗೆ," ಎಂದು ಮೈದುನ ಪೆಟ್ಟಿಗೆಯೊಳಗಿನ ನಾರಿನ ತುದಿ ಕತ್ತರಿಸಿ ಸರಿಮಾಡಿದ. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಹಿಂದಿನ ದಿನವಷ್ಟೇ ಅವನು ಎದುರು ಬೀದಿಯ ಪೈಪೋಟಿಯವನ ಜೊತೆ ನಗುನಗುತ್ತಾ ನಿಂತದ್ದನ್ನು ಅವಳು ಕಂಡಿದ್ದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಅವನು ಊಟಕ್ಕೆ ಹೋದಾಗ ಮುಚ್ಚಳದ ಅಂಚಿಗೆಲ್ಲ ಒಳಗಿನಿಂದ ಅಂಟು ಬಳಿದು ಪೆಟ್ಟಿಗೆ ಮುಚ್ಚಿದಳು. ಯಾರಾದರೂ ತೆರೆದರೆ ಅಂಟು ಹರಿಯಬೇಕು, ಕಳ್ಳ ಸಿಕ್ಕಿಬೀಳಬೇಕು.

ಮರುದಿನ ಬೆಳಕು ಮತ್ತೆ ಕುಗ್ಗಿತ್ತು. ಅಂಟು ಮಾತ್ರ ಹರಿದಿರಲಿಲ್ಲ. ಬೇರೆಯವರಾಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದರು. ಇವಳು ಮಹಾತಾಯಿ! ಬಿಚ್ಚಿ ಮತ್ತೆ ಅಂಟಿಸಿದ್ದಾನೆ, ಎಂಥಾ ನಾಜೂಕು ನೋಡು ಅಂದುಕೊಂಡಳು. ತಾನೇ ತುದಿ ಕತ್ತರಿಸಿದಳು. ಅದನ್ನು ಭೂತಗನ್ನಡಿಯಲ್ಲಿ ನೋಡುವಷ್ಟು ತಾಳ್ಮೆ ಎಲ್ಲಿತ್ತು? ಈ ಸಲ ಇನ್ನಷ್ಟು ದಪ್ಪಗೆ ಅಂಟು ಬಳಿದಳು.

ಮತ್ತೆ ಕುಗ್ಗಿದಾಗ ಬಾಯಿ ಬಿಟ್ಟೇಬಿಟ್ಟಳು. "ಉಂಡ ಮನೆ ಜಂತೆ ಎಣಿಸ್ತೀಯಲ್ಲೋ! ಎದುರು ಬೀದಿಯವನಿಗೆ ನಮ್ಮ ಗಿರಾಕಿ ಸಿಗಲಿ ಅಂತ ತಾನೇ?"

ಅವನು ಕೈಯಲ್ಲಿದ್ದ ಚಿಮಟ ಕೆಳಗಿಟ್ಟ. "ಅಣ್ಣ ಇದ್ದಿದ್ರೆ ಹೀಗೆ ಕೇಳ್ತಿದ್ನಾ ಅತ್ತಿಗೆ?"

"ಅವರು ಇದ್ದಿದ್ರೆ ನಿಂಗೆ ಇಷ್ಟು ಧೈರ್ಯ ಬರ್ತಿರ್ಲಿಲ್ಲ."

ಅವನು ಹೊರಟುಹೋದ. ಪೀಡೆ ತೊಲಗಿತು ಎಂದು ಅವಳು ಹೊಸ ತುದಿ ಕತ್ತರಿಸಿ, ಅಭ್ಯಾಸಬಲದಿಂದ ಅಂಟನ್ನೂ ಬಳಿದಳು. ಬೆಳಗಾದರೆ ಬೆಳಕು ಮತ್ತೆ ಕುಗ್ಗಿತ್ತು.

ಈಗ ಬೈಯಲು ಯಾರೂ ಇರಲಿಲ್ಲ. ತುದಿಯನ್ನು ಭೂತಗನ್ನಡಿಯ ಕೆಳಗಿಟ್ಟಳು. ಕಂದು ಕರಕಲು. ಪೆಟ್ಟಿಗೆಯೊಳಗೆ ಮೂಗಿಟ್ಟರೆ ಅಂಟಿನ ಘಾಟು. ಅದರ ಆವಿಯನ್ನೇ ಆ ಬೆಳಕು ಸುಟ್ಟು ತುದಿಗೆ ಮೆತ್ತಿತ್ತು. ಕೆಡಿಸಿದವಳು ತಾನೇ. ನಾಚಿಕೆಯಿಂದ ಅವಳಿಗೆ ನೆಲ ಬಿರಿಯಬಾರದೇ ಅನ್ನಿಸಿತು.

ಮೈದುನನಿಗೆ ಫೋನ್ ಮಾಡಿದಳು. "ತಪ್ಪೆಲ್ಲಾ ನಂದೇ ಕಣೋ. ನಾನು ಬಳಿದ ಅಂಟಿಂದಾನೇ ಕೆಡ್ತಿತ್ತು."

"ಪೂರ್ತಿ ಕೆರೆದು ತೆಗೀರಿ. ಪೆಟ್ಟಿಗೇನ ಗಾಳಿಗಿಡಿ. ಆಮೇಲೆ ತುದಿ ಕತ್ತರಿಸಿದ್ರೆ ಸರಿಹೋಗುತ್ತೆ."

"ನೀನೇ ಬಂದು ಕತ್ತರಿಸೋ."

"ಬರ್ತೀನಿ. ಆದ್ರೆ ಇನ್ನೊಂದಿನ ಬೆಳಕು ಕುಗ್ಗಿದ್ರೆ, ಮೊದಲು ಯಾರ ಮುಖ ನೋಡ್ತೀರಿ ಅತ್ತಿಗೆ?"

ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಫೋನನ್ನು ಕಿವಿಗೆ ಹಿಡಿದೇ ಇನ್ನೊಂದು ಕೈಯಿಂದ ಮುಚ್ಚಳದ ಅಂಟು ಕೆರೆಯತೊಡಗಿದಳು.