ಡಿಸ್ಕ್ ಬ್ರೇಕಿಗೆ ತೆಂಗಿನೆಣ್ಣೆ

ಭಾನುವಾರ ಸೈಕಲ್ ತುಳಿಯುವ ಗಂಡಸರು ತುಳಿಯುವುದಕ್ಕಿಂತ ಹೆಚ್ಚು ಹೊತ್ತು ಸೈಕಲ್ಲಿನ ಬಗ್ಗೆ ಮಾತಾಡುತ್ತಾರೆ. ಮೂಡುಬಿದಿರೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಹರಿಣಾಕ್ಷಿ ಇದನ್ನು ಸಾಕಷ್ಟು ಅವಲೋಕಿಸಿಯೇ ತೀರ್ಮಾನಿಸಿದ್ದಳು.

ಅಂದೂ ಅಷ್ಟೆ. ಅವಳೂ ಸೇರಿ ಬೆಳ್ತಂಗಡಿಗೆ ಹೊರಟ ನಾಲ್ವರು ವೇಣೂರು ದಾಟಿ ಒಂದು ಹೋಟೆಲಿನಲ್ಲಿ ಕೂತವರು, ಗೋಳಿಬಜೆ ಮುಗಿದರೂ ಏಳಲಿಲ್ಲ. ಬಂಟ್ವಾಳದಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ಸಂದೇಶನ ಸೈಕಲ್ಲಿಗೆ ಇಂಗ್ಲೆಂಡಿನ ಡಿಸ್ಕ್ ಬ್ರೇಕ್ ಬಂದಿತ್ತು. ಶಾರ್ಜಾದಿಂದ ರಜೆಗೆ ಬಂದ ನಿಝಾಮ್ ಅದನ್ನು ಸೂಟ್‌ಕೇಸಿನಲ್ಲಿ ಖರ್ಜೂರದ ಪೊಟ್ಟಣಗಳ ನಡುವೆ ತಂದುಕೊಟ್ಟಿದ್ದ. ಹಿಡಿದಾಗಲೆಲ್ಲ ಅದು ಬಾಲ ತುಳಿಸಿಕೊಂಡ ನಾಯಿಯ ಹಾಗೆ ಕಿರುಚುತ್ತಿತ್ತು.

“ಇಂಪೋರ್ಟೆಡ್ ಅಲ್ವಾ, ಸ್ವಲ್ಪ ಸೌಂಡ್ ಇರ್ತದೆ,” ಅಂದ ಬ್ಯಾಂಕಿನ ದಯಾನಂದ, ಆ ಸದ್ದನ್ನೂ ಸುಂಕ ಕಟ್ಟಿ ತರಿಸಿದ್ದೆಂಬಂತೆ.

ನಿಝಾಮ್ ಫೋನನ್ನು ನೀರಿನ ಲೋಟಕ್ಕೆ ಒರಗಿಸಿ ಕಂಪನಿಯ ವಿಡಿಯೋ ಹಚ್ಚಿದ. ಅದರಲ್ಲಿದ್ದ ಮೆಕ್ಯಾನಿಕ್ ಇಂಗ್ಲೆಂಡಿನ ಉತ್ತರದ ಯಾವುದೋ ಊರಿನವನು. ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡು ಆಡಿದಂತಿತ್ತು ಅವನ ಇಂಗ್ಲಿಷು. ಏನೋ ಹೇಳಿ ಅವನು ನಕ್ಕ. ಅರೆಕ್ಷಣ ತಡವಾಗಿ ಮೂವರೂ ನಕ್ಕರು.

“ನಮ್ಮ ಸೈಟಿನ ಮ್ಯಾನೇಜರ್ ಹೀಗೇ ಮಾತಾಡುದು. ನನಗೆ ಅಭ್ಯಾಸ ಉಂಟು,” ಅಂದ ನಿಝಾಮ್.

“ಹಾಗಾದ್ರೆ ಎಂತ ಹೇಳಿದ?” ಎಂದು ಕೇಳಿದಳು ಹರಿಣಾಕ್ಷಿ.

“ಅದು… ಬ್ರೇಕಿನ ವಿಷಯವೇ.”

“ಎಣ್ಣೆ ಹಾಕ್ಲಿಕ್ಕೆ ಹೇಳಿದ್ದು ಮಾರಾಯ, ಅವನ ಕೈ ನೋಡು,” ಅಂದ ದಯಾನಂದ. ಆ ಕೈ ಒಂದು ಬಟ್ಟೆಯಿಂದ ಡಿಸ್ಕನ್ನು ಒರೆಸುತ್ತಿತ್ತು, ಅಷ್ಟೆ.

ಹರಿಣಾಕ್ಷಿಗೂ ಒಂದಕ್ಷರ ತಿಳಿದಿರಲಿಲ್ಲ. ಆದರೆ ಇಂಗ್ಲಿಷಿನಲ್ಲೇ ಪಾಠ ಮಾಡುವವಳು ಅದನ್ನು ಈ ಮೂವರ ಮುಂದೆ ಹೇಳುವುದುಂಟೆ? ಸುಮ್ಮನೆ ಕೈ ತೊಳೆಯಲು ಎದ್ದಳು.

ವಾಪಸು ಬರುವಾಗ ಸಂದೇಶ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ. ಕೈಯಲ್ಲಿ ಹೋಟೆಲಿನ ಚಮಚ, ಚಮಚದಲ್ಲಿ ತೆಂಗಿನೆಣ್ಣೆ. ಕಿರುಗುಟ್ಟುವ ಬಾಗಿಲು, ಹೊಲಿಗೆ ಮಿಷನ್ನು, ಅಂಟಿಕೊಂಡ ಬೀಗ, ಎಲ್ಲಕ್ಕೂ ಈ ಸೀಮೆಯಲ್ಲಿ ಅದೊಂದೇ ಮದ್ದು.

“ನೋಡಿ ಮೇಡಂ, ಈಗ ಎಷ್ಟು ಸೈಲೆಂಟ್! ನಿಮ್ಮದಕ್ಕೂ ಹಾಕ್ತೇನೆ.”

“ನನ್ನ ಸೈಕಲ್ ಮುಟ್ಬೇಡಿ! ಬ್ರೇಕ್ ಹಿಡಿಯುದೇ ಘರ್ಷಣೆಯಿಂದ ಸಂದೇಶ್. ಎಣ್ಣೆ ಹಾಕಿದ್ರೆ ಜಾರ್ತದೆ. ಮುಂದೆ ಇಳಿಜಾರುಂಟು, ಕೆಳಗೆ ತಿರುವುಂಟು.”

“ಅದೆಲ್ಲ ನಮ್ಮ ಲೋಕಲ್ ಬ್ರೇಕಿಗೆ ಮೇಡಂ. ಇದು ಇಂಪೋರ್ಟೆಡ್. ಕಂಪನಿಯವನೇ ಹೇಳಿದ್ದಾನಲ್ಲ?”

ಘರ್ಷಣೆಯ ನಿಯಮ ವಿಮಾನ ನಿಲ್ದಾಣದಲ್ಲಿ ಇಳಿದು ಹೋಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಇನ್ನೊಮ್ಮೆ ವಿವರಿಸಿದಳು. ಡಿಸ್ಕ್, ಪ್ಯಾಡ್, ಬಿಸಿ, ಎಣ್ಣೆ ಎಂದು, ಪಿಯುಸಿಯ ಹಿಂದಿನ ಬೆಂಚಿಗೆ ಹೇಳುವಷ್ಟು ನಿಧಾನವಾಗಿ. ಸಂದೇಶ ತಲೆಯಾಡಿಸುತ್ತಲೇ ಹೆಲ್ಮೆಟ್ ಬಿಗಿದು ಸೀಟು ಹತ್ತಿದ. ಇವನ ಕುತ್ತಿಗೆ ಮುರಿಯುವುದು ಖಂಡಿತ ಎಂದು ಅವಳಿಗೆ ಸ್ಪಷ್ಟವಾಯಿತು.

“ನಿಲ್ಲಿ! ನಿಝಾಮ್, ಫೋನ್ ಕೊಡಿ.”

ವಿಡಿಯೋವನ್ನು ಮತ್ತೆ ಹಚ್ಚಿ ಕಿವಿಗೆ ಹಿಡಿದಳು. ಅದೇ ಗೆಣಸು, ಅದೇ ನಗು. ಹುಬ್ಬು ಗಂಟಿಕ್ಕಿ ಕೊನೆಯವರೆಗೂ ಕೇಳಿದಳು. ಆಮೇಲೆ, ಪ್ರಯೋಗದ ಫಲಿತಾಂಶದಲ್ಲಿ ಒಂದು ದಶಾಂಶವನ್ನೂ ತಿದ್ದದವಳು, ಸಲೀಸಾಗಿ ಅನುವಾದ ಶುರು ಮಾಡಿದಳು.

“ಎಣ್ಣೆ ತಾಗಿದ ಪ್ಯಾಡನ್ನು ಬಿಸಾಡಬೇಕು ಅಂತ ಹೇಳ್ತಾನೆ. ಪ್ಯಾಡ್ ಬದಲಿಸುವವರೆಗೆ ಸೈಕಲ್ ತಳ್ಳಿಕೊಂಡೇ ಹೋಗಬೇಕಂತೆ. ಎಣ್ಣೆ ಹಾಕುವವರು ಮೂರ್ಖರಂತೆ. ಅದಕ್ಕೇ ಅವನು ನಕ್ಕದ್ದು. ಅಂಥವರಿಗೆ ವಾರಂಟಿ ಇಲ್ಲವಂತೆ.”

ಸಂದೇಶ ತಟ್ಟನೆ ಕೆಳಗಿಳಿದ. ಕುತ್ತಿಗೆಗಿಂತ ವಾರಂಟಿಯ ಚಿಂತೆ ದೊಡ್ಡದು.

“ಮೂರ್ಖ ಅಂದದ್ದು ನನಗೂ ಕೇಳಿದ್ದು. ಸಂದೇಶನಿಗೆ ಬೇಜಾರಾಗ್ತದೆ ಅಂತ ಸುಮ್ಮನಿದ್ದೆ,” ಅಂದ ನಿಝಾಮ್.

“ವಾರಂಟಿ ವಿಷಯ ನನಗೂ ಗೊತ್ತಾಯ್ತು,” ಅಂದ ದಯಾನಂದ. “ಆ ಎಣ್ಣೆಯ ಭಾಗ ಮಾತ್ರ ಸ್ವಲ್ಪ ಸ್ಪೀಡ್ ಆಯ್ತು.”

ಸಂದೇಶನೊಬ್ಬನನ್ನೇ ಬಿಟ್ಟು ಹೋಗಲಾಗದೆ ನಾಲ್ವರೂ ಸೈಕಲ್ ತಳ್ಳುತ್ತ ಇಳಿಜಾರಿನಲ್ಲಿ ನಡೆದರು. ಇಷ್ಟು ವರ್ಷ ಘರ್ಷಣೆಯ ಪಾಠ ಮಾಡಿ ಸಿಗದ ಮರ್ಯಾದೆ ಒಂದು ಸುಳ್ಳಿಗೆ ಸಿಕ್ಕಿತ್ತು, ಅದೂ ಅವಳಿಗಲ್ಲ, ಮೆಕ್ಯಾನಿಕ್ಕನಿಗೆ. ತಿರುವಿನಲ್ಲಿ ಎದುರಿನಿಂದ ಖಾಸಗಿ ಬಸ್ಸೊಂದು ರಸ್ತೆಯಿಡೀ ತನ್ನದೆಂಬಂತೆ ನುಗ್ಗಿ ಬಂತು. ಸಂದೇಶ ಚರಂಡಿಗೆ ಹಾರಿ ನಿಂತ. ಧೂಳು ಇಳಿದ ಮೇಲೆ ಬೆವರೊರೆಸಿಕೊಂಡು ನಿಟ್ಟುಸಿರು ಬಿಟ್ಟ.

“ಆದ್ರೂ ಇಂಗ್ಲೆಂಡಿನವರ ಮುಂದಾಲೋಚನೆ ನೋಡಿ ಮೇಡಂ!”